ಒಂದ್ರೂಪಾಯಿ ಚಾಕ್ಲೇಟಿನ ಅಂಗಿ

1/5
ಕಿರಾಣಿ ಅಂಗಡ್ಯಾಗ "ಚಿಲ್ರೆ ಇಲ್ಲ, ಇದ ತಗೋ" ಅಂತ ಕೊಡೋ ಚಾಕ್ಲೇಟು ನಿಮ್ಮ ಬಾಯಾಗ ಎಷ್ಟೊತ್ತು ಇರ್ತದ? ಹೆಚ್ಚಂದ್ರ ಐದು ನಿಮಿಷ. ಅದರ ಮ್ಯಾಲಿನ ಹಾಳೆಗೆ ನಾವು ಕಾಗದ ಅಂತೀವಿ, ಆದ್ರ ಅದು ಪ್ಲಾಸ್ಟಿಕ್. ದೋರನಹಳ್ಳಿ ಚರಂಡ್ಯಾಗ, ಹೊಲದ ಬದುವಿನ್ಯಾಗ ಅದು ವರ್ಷಗಟ್ಟಲೆ ಕೊಳೀದೆ ಉಳೀತದ. ಈ ಅಂಗಿ ಎಲ್ಲಿಂದ ಬಂತು? ಓದ್ರಿ.

2/5
ಮೊದಲು ಜಾತ್ರೆ ನೆನಪು ಮಾಡ್ಕೊಳ್ರಿ. ಬೆಂಡು, ಬತ್ತಾಸು, ಖಾರಾ, ಚುರುಮುರಿ. ರಾಶಿ ಹಾಕಿ, ತಕ್ಕಡ್ಯಾಗ ತೂಗಿ, ಕಾಗದದಾಗ ಕಟ್ಟಿ ಕೊಡೋ ತಿನಿಸು. ಒಂದೊಂದು ಬತ್ತಾಸಿಗೂ ಬೇರೆ ಅಂಗಿ ಬೇಕಾಗಲಿಲ್ಲ, ಯಾಕಂದ್ರ ಮಾಡೋರು ಹತ್ತಿರ, ತಿಂದು ಮುಗಿಸೋದು ನಾಲ್ಕು ದಿನದಾಗ. ಮಿಠಾಯಿ ಫ್ಯಾಕ್ಟರಿಯಲ್ಲಿ ತಯಾರಾಗಿ, ಲಾರಿ ಏರಿ, ತಿಂಗಳುಗಟ್ಟಲೆ ಡಬ್ಬ್ಯಾಗ ಕೂಡೋ ಕಾಲ ಬಂದಾಗ ತೊಡಕು ಶುರುವಾಯ್ತು. ಸಕ್ಕರೆ ಗಾಳಿಯ ತೇವ ಹೀರಿ ಅಂಟಂಟಾಗ್ತದ. ಆ ತೇವ ತಡೆಯೋದೇ ಈ ಅಂಗಿಯ ಮುಖ್ಯ ಕೆಲಸ.

3/5
ಪರಿಹಾರವಾಗಿ ಬಂದದ್ದು ಮೇಣದ ಕಾಗದ, ಆಮೇಲೆ ಸೆಲೊಫೇನ್. ಸ್ವಿಟ್ಜರ್ಲೆಂಡಿನ ಬ್ರಾಂಡೆನ್‌ಬರ್ಗರ್ ಕಂಡುಹಿಡಿದ ಈ ಹಾಳೆ ಮರದ ತಿರುಳಿನದು. 1912ರಲ್ಲೇ ಅಮೆರಿಕದ ವಿಟ್‌ಮನ್ಸ್ ಕಂಪನಿ ಮಿಠಾಯಿಗೆ ಇದನ್ನ ಬಳಸ್ತು. ನೀರು ತಡೀತಿತ್ತು, ಆದ್ರ ತೇವದ ಆವಿ ದಾಟಿ ಹೋಗ್ತಿತ್ತು. 1927ರಲ್ಲಿ ಡುಪಾಂಟ್ ಕಂಪನಿಯ ಚಾರ್ಚ್ ಅದಕ್ಕೆ ತೆಳು ಲೇಪ ಕೊಟ್ಟು ಅದನ್ನೂ ತಡೆದ. ಮುಂದೆ ಅಗ್ಗದ ಪ್ಲಾಸ್ಟಿಕ್ ಫಿಲ್ಮ್ ಬಂತು, ಎರಡು ಮೂರು ಪದರ ಅಂಟಿಸಿದ ಮಿಂಚುವ ಹಾಳೆ ಬಂತು. ಪದರ ಬಿಡಿಸೋದು ಕಷ್ಟ. ಸಾವಿರಾರು ಹಾಳೆ ಆರಿಸಿದ್ರ ಒಂದು ಕೆಜಿ. ಗುಜರಿಯವರು ಯಾಕ ಬಗ್ಗಬೇಕು ಹೇಳ್ರಿ?

4/5
ಈಗ ಕಾನೂನು. ಕರ್ನಾಟಕ 2016ರ ಮಾರ್ಚ್‌ನಲ್ಲೇ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟ ನಿಷೇಧಿಸ್ತು. 2022ರ ಜುಲೈ 1ರಿಂದ ದೇಶದಾದ್ಯಂತ ಕ್ಯಾಂಡಿಯ ಪ್ಲಾಸ್ಟಿಕ್ ಕಡ್ಡಿಗೂ, ಸ್ವೀಟ್ ಬಾಕ್ಸ್ ಸುತ್ತೋ ಪ್ಲಾಸ್ಟಿಕ್ ಫಿಲ್ಮಿಗೂ ನಿಷೇಧ. ಅಂದ್ರ ಧಾರವಾಡ ಪೇಡಾದ ಡಬ್ಬಿ ಮ್ಯಾಲಿನ ಫಿಲ್ಮ್ ಹೋಯ್ತು, ಲಾಲಿಪಾಪಿನ ಕಡ್ಡಿ ಹೋಯ್ತು. ಚಾಕ್ಲೇಟಿನ ಅಂಗಿ ಮಾತ್ರ ಉಳೀತು! ಅದಕ್ಕಿರೋದು ಉತ್ಪಾದಕರ ಹೊಣೆಗಾರಿಕೆಯ ನಿಯಮ: ಕಂಪನಿಗಳು ಇಂಥ ಹಾಳೆ ವಾಪಸ್ ಸಂಗ್ರಹಿಸಬೇಕು, ಅದರಾಗ 2024-25ಕ್ಕೆ ಕನಿಷ್ಠ 30%, 2027-28ಕ್ಕೆ 60% ಮರುಬಳಕೆ ಆಗಬೇಕು. ನಿಯಮ ಒಳ್ಳೇದು. ಆದ್ರ ನಮ್ಮ ಚರಂಡಿಯ ಹಾಳೆ ಎತ್ಕೊಂಡು ಹೋಗೋರು ಯಾರು?

5/5
ಬಿಕಾಂ ಗೆಳೆಯರೆ, ಕಾಸ್ಟ್ ಶೀಟ್ ಬರೀತೀರಲ್ಲ? ಸಕ್ಕರೆ, ಕೂಲಿ, ಪ್ಯಾಕಿಂಗ್, ಸಾಗಣೆ ಎಲ್ಲಾ ಬರೀತೀವಿ. ಕಸ ಎತ್ತೋ ಖರ್ಚು ಯಾವ ಸಾಲಿನ್ಯಾಗ ಅದ? ಆ ಸಾಲು ಬಿಟ್ಟಿದ್ದಕ್ಕೇ ಒಂದ್ರೂಪಾಯಿ ಅಗ್ಗ ಕಾಣ್ತದ. ಬಾಕಿ ಪೌರಕಾರ್ಮಿಕರ ಬೆನ್ನು ತೀರಸ್ತದ, ಹಾಳೆ ನುಂಗಿದ ದನ ತೀರಸ್ತದ.

ಹಂಗಂತ ಹಳೇ ಪೇಪರಿಗೆ ಮರಳೋಣ ಅನ್ನಂಗಿಲ್ಲ. ಪತ್ರಿಕೆಯ ಶಾಯಿ ತಿನಿಸಿಗೆ ಹತ್ತತದ ಅಂತ ಆಹಾರ ಸುರಕ್ಷತಾ ಪ್ರಾಧಿಕಾರ 2016ರಲ್ಲೇ ಎಚ್ಚರಿಸ್ಯದ. ಬೇಕಾಗಿರೋದು ಅಚ್ಚಿಲ್ಲದ ಶುದ್ಧ ಕಾಗದ. ಆಗೋದಿಲ್ಲ ಅಂತೀರಾ? 2021ರಲ್ಲಿ ನೆಸ್ಲೆ ತನ್ನ ಸ್ಮಾರ್ಟೀಸ್ ಮಿಠಾಯಿಯನ್ನ ಜಗತ್ತಿನ ತುಂಬ ಕಾಗದದ ಪ್ಯಾಕಿಗೆ ತಂದದ. ಅಲ್ಲಿ ಆದದ್ದು ನಮ್ಮ ಒಂದ್ರೂಪಾಯಿ ಮಾಲಿಗೆ ಯಾವಾಗ?

ಅಲ್ಲಿತನಕ ನಿಮ್ಮ ಕೈಲಾದದ್ದು ಇಷ್ಟು: ಹುಟ್ಟಿದ ಹಬ್ಬಕ್ಕೆ ಕ್ಲಾಸಿಗೆ ಚಾಕ್ಲೇಟ್ ಬದಲು ಚಿಕ್ಕಿ, ಶೇಂಗಾ ಉಂಡಿ ಡಬ್ಬ್ಯಾಗ ತರ್ರಿ. ನಿಮ್ಮೂರ ಜಾತ್ರ್ಯಾಗ ಇನ್ನೂ ಕಾಗದದಾಗ ಕಟ್ಟಿ ಕೊಡೋ ತಿನಿಸು ಯಾವುದದ? ಕಮೆಂಟ್‌ನ್ಯಾಗ ಹೇಳ್ರಿ.

#ದೋರನಹಳ್ಳಿ #ಶಹಾಪುರ #ಯಾದಗಿರಿ #ಸಣ್ಣವಸ್ತು_ದೊಡ್ಡಇತಿಹಾಸ