ಉಪ್ಪುಗಾಳಿ, ಡೈನಮೋ ಮತ್ತು ಇಳಿಯದ ಸೀಟು

ಹೊಸದಾಗಿ ಸೈಕಲ್ ಹೊಡೆಯಲು ಶುರು ಮಾಡಿದ ಗೆಳೆಯರೆಲ್ಲ ಒಂದು ತಿಂಗಳೊಳಗೆ ಕೇಳುವ ಪ್ರಶ್ನೆ ಎರಡೇ. ಮೊದಲನೆಯದು, "ಯಾವ ಲೈಟ್ ತಗೊಳ್ಳಲಿ?" ಎರಡನೆಯದು, ಸ್ವಲ್ಪ ದನಿ ತಗ್ಗಿಸಿ, "ಕೂತಲ್ಲಿ ನೋವು ಮಾರಾಯ, ಎಂತ ಮಾಡುದು?" ಎರಡಕ್ಕೂ ಉತ್ತರ ಹೇಳುವುದು ದೊಡ್ಡ ಕಷ್ಟವೇನಲ್ಲ. ಆದರೆ ಹೇಳಿ ಹೇಳಿ ನನಗೆ ಬೇರೆಯದೇ ಕುತೂಹಲ ಹುಟ್ಟಿತು. ನಮಗಿಂತ ಮೊದಲು ಈ ಕರಾವಳಿಯಲ್ಲಿ ಸೈಕಲ್ ತುಳಿದವರು ಇವೆರಡಕ್ಕೆ ಏನು ಮಾಡುತ್ತಿದ್ದರು? ಸುರತ್ಕಲ್ಲಿನಲ್ಲಿ ಕೂತು ಹುಡುಕುತ್ತಾ ಹೋದರೆ ದೀಪದ ಕಥೆಯೂ ನೋವಿನ ಕಥೆಯೂ ಒಂದೇ ಕಡೆ ಬಂದು ಸೇರುತ್ತವೆ. ಆ ಜಾಗದ ಹೆಸರು ತುಕ್ಕು!

ಮೊದಲು ದೀಪ. ಸುರತ್ಕಲ್ ಕಡಲತೀರದಲ್ಲಿ 1972ರಲ್ಲಿ ಕಟ್ಟಿದ ಲೈಟ್‌ಹೌಸ್ ನೋಡಿದ್ದೀರಲ್ಲ? ಅದು ದೋಣಿಯವರಿಗೆ ದಾರಿ ಬೆಳಗಿಸಿ ಕೊಡುವುದಿಲ್ಲ. "ನಾನು ಇಲ್ಲಿದ್ದೇನೆ" ಅನ್ನುತ್ತದೆ, ಅಷ್ಟೆ. ದೀಪಗಳಲ್ಲಿ ಹೀಗೆ ಎರಡು ಜಾತಿ: ನಮಗೆ ದಾರಿ ತೋರಿಸುವವು, ನಮ್ಮನ್ನು ಇನ್ನೊಬ್ಬರಿಗೆ ತೋರಿಸುವವು. ಸೈಕಲ್ ದೀಪದ ಇತಿಹಾಸವಿಡೀ ಈ ಎರಡರ ನಡುವಿನ ಎಳೆದಾಟವೇ.

ಇವತ್ತಿನ ಆಕಾರದ ಸೈಕಲ್ ಬಂದದ್ದು 1885ರಲ್ಲಿ, ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ಜಾನ್ ಕೆಂಪ್ ಸ್ಟಾರ್ಲಿ ಮಾಡಿದ 'ರೋವರ್'. ಮೂರೇ ವರ್ಷಕ್ಕೆ ಡನ್ಲಪ್ ಗಾಳಿ ತುಂಬಿದ ಟಯರ್ ಕೊಟ್ಟ. ನಮ್ಮ ದಕ್ಷಿಣ ಕನ್ನಡ 1956ರವರೆಗೆ ಮದರಾಸಿನ ಕೈಕೆಳಗೇ ಇದ್ದದ್ದರಿಂದ ಇಲ್ಲಿಗೆ ಬಂದದ್ದೂ ಇಂಗ್ಲಿಷರ ಸೈಕಲ್ಲೇ. ಅದರ ಜೊತೆ ಎಣ್ಣೆ ದೀಪ, ಆಮೇಲೆ ಕಾರ್ಬೈಡ್ ದೀಪ. ಎಣ್ಣೆ ದೀಪ ದಾರಿಗೇನೂ ಬೆಳಕು ಕೊಡುತ್ತಿರಲಿಲ್ಲ. ಎದುರಿಗೆ ಬರುವವನಿಗೆ ಒಂದು ಚುಕ್ಕೆ ಕಾಣುತ್ತಿತ್ತು. ಕಾರ್ಬೈಡ್ ದೀಪ ನಿಜಕ್ಕೂ ಬೆಳಗುತ್ತಿತ್ತು. ಮೇಲಿನ ಡಬ್ಬಿಯಿಂದ ನೀರು ಹನಿಹನಿಯಾಗಿ ಕೆಳಗಿನ ಕಾರ್ಬೈಡ್ ಮೇಲೆ ಬೀಳಬೇಕು, ಅಸಿಟಿಲೀನ್ ಗ್ಯಾಸ್ ಏಳಬೇಕು, ಅದಕ್ಕೆ ಕಡ್ಡಿ ಗೀರಬೇಕು. ನೀರಿನ ಹನಿ ಹೆಚ್ಚು ಕಮ್ಮಿ ಮಾಡಿದರೆ ಬೆಳಕೂ ಹೆಚ್ಚು ಕಮ್ಮಿ. ಮರುದಿನ ಒಳಗಿನ ಸುಣ್ಣದಂಥ ಬೂದಿ ಕೆರೆದು ತೆಗೆಯುವ ಚಾಕರಿ ಬೇರೆ. ತೇವ ತಾಗಿದರೆ ಸಾಕು ಗ್ಯಾಸ್ ಬಿಡುವ ಈ ವಸ್ತುವನ್ನು ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರಿನಲ್ಲಿ ಇಟ್ಟುಕೊಳ್ಳುವುದನ್ನು ಊಹಿಸಿ ನೋಡಿ :-)

ಜಪಾನಿನಲ್ಲಿ 1923ರಲ್ಲಿ ಮತ್ಸುಶಿತಾ ಕೊನೊಸುಕೆ ಅನ್ನುವವನು ಗುಂಡಿನಾಕಾರದ ಬ್ಯಾಟರಿ ದೀಪ ಮಾಡಿದ. ಚಿಕ್ಕಂದಿನಲ್ಲಿ ಓಸಾಕಾದ ಸೈಕಲ್ ಅಂಗಡಿಯಲ್ಲೇ ಕೆಲಸಕ್ಕಿದ್ದವನು. ಆಗಿನ ಬ್ಯಾಟರಿ ದೀಪ ಎರಡು ಮೂರು ಗಂಟೆ ಉರಿದರೆ ಹೆಚ್ಚು. ಇವನದು ಮೂವತ್ತು ನಲವತ್ತು ಗಂಟೆ ಉರಿಯುತ್ತಿತ್ತು. ಅಂಗಡಿಯವರು ನಂಬಲಿಲ್ಲ. "ಉರಿಸಿಟ್ಟು ಹೋಗುತ್ತೇನೆ, ಹೇಳಿದಷ್ಟು ಹೊತ್ತು ಉರಿದರೆ ಮಾತ್ರ ದುಡ್ಡು ಕೊಡಿ" ಅಂತ ಅಂಗಡಿ ಅಂಗಡಿಗೆ ಇಟ್ಟು ಬಂದನಂತೆ. ಆ ಕಂಪನಿಯೇ ಮುಂದೆ ನ್ಯಾಷನಲ್, ಪ್ಯಾನಾಸಾನಿಕ್ ಆದದ್ದು.

ನಮ್ಮೂರಿನಲ್ಲಿ ಬ್ಯಾಟರಿ ಅಂದರೆ ಟಾರ್ಚು. ಆಟ ನೋಡಲು ಹೋಗುವವರ ಕಾಲ್ದಾರಿಯ ಬೆಳಕು ತೆಂಗಿನ ಗರಿಯ ಸೂಟೆ; ಸೈಕಲ್ ಇದ್ದವರದು ಹ್ಯಾಂಡಲ್ ಜೊತೆ ಒತ್ತಿ ಹಿಡಿದ ಮೂರು ಸೆಲ್ಲಿನ ಟಾರ್ಚು. ದೊಡ್ಡಪ್ಪ ಹೇಳುತ್ತಿದ್ದರು, ದೀಪ ಬೇಕಾದದ್ದು ಹೊಂಡ ನೋಡಲಿಕ್ಕಲ್ಲ, ಪೊಲೀಸರಿಗೆ ತೋರಿಸಲಿಕ್ಕೆ ಅಂತ. ದೀಪವಿಲ್ಲದೆ ಪೇಟೆಗೆ ಬಂದರೆ ಚಕ್ರದ ಗಾಳಿ ಬಿಡುತ್ತಿದ್ದರಂತೆ. ಊರ ದಾರಿಯ ಪ್ರತಿ ಕಲ್ಲೂ ಕಾಲಿಗೆ ಗೊತ್ತು, ರಾತ್ರಿ ಹೊತ್ತು ಗಾಡಿಗಳೂ ಇಲ್ಲ... ದಾರಿ ತೋರಿಸುವ ದೀಪವೂ ಬೇಡ, ತನ್ನನ್ನು ತೋರಿಸುವ ದೀಪವೂ ಬೇಡ. ಬೇಕಾದದ್ದು ಕಾನೂನಿನ ದೀಪ ಮಾತ್ರ.

ಕಾನೂನು ಅಂದಾಗ ನೆನಪಾಯಿತು. ಹಳೆಯ ಅಟ್ಲಾಸ್, ಹೀರೊ ಸೈಕಲ್ಲುಗಳ ಹಿಂದಿನ ಮಡ್‌ಗಾರ್ಡಿನ ತುದಿಗೆ ಬಿಳಿ ಬಣ್ಣ ಬಳಿದಿರುತ್ತದಲ್ಲ, ಅದು ಚಂದಕ್ಕಲ್ಲ. ಅದು 1930ರ ದಶಕದ ಇಂಗ್ಲೆಂಡಿನ ಕಾನೂನಿನ ಗುರುತು. ಸೈಕಲ್ಲಿಗೆ ಹಿಂದೀಪ ಕಡ್ಡಾಯ ಮಾಡಬೇಕೋ ಬೇಡವೋ ಅಂತ ಅಲ್ಲಿ ದೊಡ್ಡ ಜಗಳವೇ ನಡೆದಿತ್ತು. ಅಲ್ಲಿನ ಸೈಕಲ್ ಸಂಘದವರು ಬೇಡ ಅಂದರು. ಎದುರಿಗಿರುವುದನ್ನು ನೋಡಿ ಓಡಿಸುವುದು ಕಾರಿನವನ ಜವಾಬ್ದಾರಿ, ಹಿಂದೆ ದೀಪ ಹಚ್ಚಿಕೊಂಡರೆ ಗುದ್ದಿಸಿಕೊಂಡವನದೇ ತಪ್ಪು ಅಂತಾಗುತ್ತದೆ ಅನ್ನುವುದು ಅವರ ವಾದ. ಆಗ ದೀಪದ ಬದಲಿಗೆ ಬಂದದ್ದು ಕೆಂಪು ರಿಫ್ಲೆಕ್ಟರ್ ಮತ್ತು ಆ ಬಿಳಿ ಪಟ್ಟಿ. ಸ್ವಾತಂತ್ರ್ಯದ ನಂತರ ನಮ್ಮಲ್ಲೇ ಕಾರ್ಖಾನೆಗಳಾದವು (ಮದರಾಸಿನ ಟಿ.ಐ. ಸೈಕಲ್ಸ್ 1949, ಸೋನಿಪತ್ತಿನ ಅಟ್ಲಾಸ್ 1951, ಲುಧಿಯಾನದ ಹೀರೊ 1956), ಆದರೆ ನಕ್ಷೆ ಮಾತ್ರ ಅದೇ ಇಂಗ್ಲಿಷ್ ರೋಡ್‌ಸ್ಟರಿನದು. ಬಿಳಿ ಪಟ್ಟಿಯೂ ಅದರ ಜೊತೆಗೇ ಬಂತು. ಯಾರ ಜಗಳವೋ, ಯಾರ ಮಡ್‌ಗಾರ್ಡೋ!

ಇನ್ನು ಡೈನಮೋ. ನನ್ನ ವಯಸ್ಸಿನವರು ಅದನ್ನು ಬಳಸಿದ್ದಕ್ಕಿಂತ ಬೆರಳಲ್ಲಿ ತಿರುಗಿಸಿ ಆಡಿದ್ದೇ ಹೆಚ್ಚು. ಹೆಸರಿಗೆ ಡೈನಮೋ, ಕೆಲಸ ನೋಡಿದರೆ ಆಲ್ಟರ್ನೇಟರ್: ಒಳಗೆ ತಿರುಗುವ ಅಯಸ್ಕಾಂತ, ಸುತ್ತ ತಂತಿಯ ಸುರುಳಿ. 6 ವೋಲ್ಟು, 3 ವ್ಯಾಟು. ಅದರಲ್ಲಿ 2.4 ವ್ಯಾಟು ಮುಂದಿನ ಬಲ್ಬಿಗೆ, 0.6 ಹಿಂದಿನದಕ್ಕೆ. ಮುಂದಿನ ಬಲ್ಬು ಸುಟ್ಟಿತೋ, ಅಷ್ಟೂ ಕರೆಂಟು ಹಿಂದಿನ ಬಡಪಾಯಿಗೆ ನುಗ್ಗಿ ಅದೂ ಢಮಾರ್. ಇಳಿಜಾರಿನಲ್ಲಿ ಕಣ್ಣು ಕುಕ್ಕುವ ಬೆಳಕು, ಏರಿನಲ್ಲಿ ಮಿಣುಕು, ನಿಂತರೆ ಕತ್ತಲೆ.

ಅದು ಎಲ್ಲ ಊರಿನ ಕಥೆ. ಕರಾವಳಿಯ ಕಥೆ ಇನ್ನೂ ಸ್ವಲ್ಪ ಇದೆ. ಡೈನಮೋದ ಗಾಲಿ ಟಯರಿನ ಪಕ್ಕಕ್ಕೆ ಉಜ್ಜಿಕೊಂಡು ತಿರುಗಬೇಕು. ಟಯರ್ ಒದ್ದೆಯಾದರೆ ಜಾರುತ್ತದೆ. ಅಂದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಮೋಡ ಕವಿದು ಬೇಗ ಕತ್ತಲಾಗುವ ನಾಲ್ಕು ತಿಂಗಳು, ಬೆಳಕು ಬೇಕಾದಾಗಲೇ ಬೆಳಕಿಲ್ಲ. ಇನ್ನೊಂದು, ಡೈನಮೋದಿಂದ ಬಲ್ಬಿಗೆ ಹೋಗುವುದು ಒಂದೇ ತಂತಿ. ವಾಪಸು ಬರುವ ದಾರಿ ಸೈಕಲ್ಲಿನ ಫ್ರೇಮೇ. ಅದಕ್ಕಾಗಿ ಡೈನಮೋದ ಕ್ಲಾಂಪಿನಲ್ಲಿ ಒಂದು ಚೂಪು ಸ್ಕ್ರೂ ಇರುತ್ತದೆ, ಪೇಂಟನ್ನು ತೂತು ಮಾಡಿ ಕಬ್ಬಿಣ ಮುಟ್ಟಲಿಕ್ಕೆ. ಪೇಂಟು ಒಡೆದ ಆ ಜಾಗಕ್ಕೇ ಕಡಲಿನ ಉಪ್ಪುಗಾಳಿ ಮೊದಲು ಬಾಯಿ ಹಾಕುವುದು! ತುಕ್ಕು ಹಿಡಿದರೆ ಕರೆಂಟು ಹರಿಯುವುದಿಲ್ಲ. ಬಲ್ಬು ಸರಿ ಇದೆ, ತಂತಿ ಸರಿ ಇದೆ, ಡೈನಮೋ ಸರಿ ಇದೆ, ದೀಪ ಮಾತ್ರ ಇಲ್ಲ. ಸ್ಟರ್ಮಿ ಆರ್ಚರ್ ಕಂಪನಿ 1936ರಲ್ಲೇ ಚಕ್ರದ ಹಬ್ಬಿನೊಳಗೆ ಕೂರುವ ಡೈನಮೋ ತಂದಿತ್ತು. ಮಳೆಯಲ್ಲಿ ಜಾರುವ ಪ್ರಶ್ನೆಯೇ ಇಲ್ಲ. ನಮ್ಮ ಸಾಮಾನ್ಯ ಸೈಕಲ್ಲುಗಳಿಗೆ ಸಿಕ್ಕಿದ್ದು ಮಾತ್ರ ಟಯರಿಗೆ ಉಜ್ಜುವ ಅದೇ ಬಾಟಲಿ.

ಅಷ್ಟರಲ್ಲಿ ಸುರತ್ಕಲ್ ಬದಲಾಯಿತು. ಕೂಳೂರಿನ ಕಮಾನು ಸೇತುವೆ 1952ರದ್ದು. 1960ರಲ್ಲಿ ಕೆ.ಆರ್.ಇ.ಸಿ. (2002ರಿಂದ ಎನ್.ಐ.ಟಿ.ಕೆ.), 1975ರ ಜನವರಿಯಲ್ಲಿ ಪಣಂಬೂರಿನ ಬಂದರಿನ ಉದ್ಘಾಟನೆ, 1976ರಲ್ಲಿ ಗೊಬ್ಬರದ ಕಾರ್ಖಾನೆ, 1996ರಲ್ಲಿ ಎಂ.ಆರ್.ಪಿ.ಎಲ್. ತೈಲ ಶುದ್ಧೀಕರಣ ಘಟಕ. ಇವಕ್ಕೆಲ್ಲ ಇದ್ದದ್ದು ಒಂದೇ ಹೆದ್ದಾರಿ, ಆಗ 17, ಈಗ 66. ದೊಡ್ಡಪ್ಪನ ಕಾಲದಲ್ಲಿ ಕಾನೂನಿಗೆ ಮಾತ್ರ ಬೇಕಿದ್ದ ದೀಪ ಈಗ ಬೆನ್ನ ಹಿಂದೆ ಬರುವ ಗ್ಯಾಸ್ ಟ್ಯಾಂಕರಿಗೆ ಬೇಕಾಯಿತು. ಶಿಫ್ಟ್ ಮುಗಿಸಿ ರಾತ್ರಿ ಮನೆಗೆ ಹೋಗುವವನ ಹಳೆ ಸೈಕಲ್ಲಿನಲ್ಲಿ ಇದ್ದದ್ದು ಕೆಸರು ಮೆತ್ತಿದ ಆ ಬಿಳಿ ಪಟ್ಟಿ. ಟ್ಯಾಂಕರಿನ ವೇಗಕ್ಕೆ ಅದು ಏನೂ ಅಲ್ಲ. ಇಂಗ್ಲೆಂಡಿನ ಸಂಘದವರ ವಾದ ನನಗೆ ನ್ಯಾಯವಾಗಿಯೇ ಕಾಣುತ್ತದೆ. ಆದರೂ ಹೊಸಬೆಟ್ಟು, ಬೈಕಂಪಾಡಿ ಕಡೆ ಮಳೆಗಾಲದ ರಾತ್ರಿ ಸೈಕಲ್ ಹೊಡೆದವನು ನ್ಯಾಯವನ್ನು ನೆಚ್ಚಿಕೊಂಡು ಕೂರಲಾರ.

ಇವತ್ತು ದೀಪದ ತಾಪತ್ರಯ ಹೆಚ್ಚುಕಮ್ಮಿ ಮುಗಿದಿದೆ. ಅದಕ್ಕೆ ಕಾರಣ ಜಪಾನಿನ ಶುಜಿ ನಕಮುರಾ 1993ರಲ್ಲಿ ಮಾಡಿ ತೋರಿಸಿದ ಪ್ರಖರ ನೀಲಿ ಎಲ್‌ಇಡಿ. ನೀಲಿ ಬಂದ ಮೇಲೆಯೇ ಬಿಳಿ ಎಲ್‌ಇಡಿ ಸಾಧ್ಯವಾದದ್ದು. 2014ರಲ್ಲಿ ನಕಮುರಾ ಸೇರಿ ಮೂವರಿಗೆ ನೊಬೆಲ್ ಬಂತು. ಈಗ ಅಂಗಡಿಗೆ ಹೋದರೆ ಲ್ಯೂಮೆನ್ ಲೆಕ್ಕದಲ್ಲಿ ಮಾರುತ್ತಾರೆ. ನಾನು ಲ್ಯೂಮೆನ್ ನೋಡುವುದು ಕೊನೆಗೆ. ಮೊದಲು ಹಿಂದೀಪ, ಆಮೇಲೆ ಮುಂದಿನದು. ಮುಂದಿನದರಲ್ಲೂ ಬೆಳಕು ಎಲ್ಲಿ ಬೀಳುತ್ತದೆ ಅನ್ನುವುದು ಮುಖ್ಯ. ಕಾರಿನ ಲೋ ಬೀಮಿನ ಹಾಗೆ ಮೇಲ್ಗಡೆ ಕತ್ತರಿಸಿದಂತೆ ಇರಬೇಕೆಂದು ಜರ್ಮನಿಯಲ್ಲಿ ಕಾನೂನೇ ಇದೆ. ಗುಂಡಗೆ ಟಾರ್ಚಿನಂತೆ ಚೆಲ್ಲುವ ದೀಪ ಎದುರಿನ ಸ್ಕೂಟರಿನವನ ಕಣ್ಣಿಗೆ ಹೊಡೆಯುತ್ತದೆ, ಅವನು ನಮ್ಮ ಮೇಲೇ ಬರುತ್ತಾನೆ. ನಮ್ಮ ಊರಿಗೆ ಇನ್ನೊಂದು ಮಾತು: ಚಾರ್ಜ್ ಮಾಡುವ ತೂತಿಗೆ ಗಟ್ಟಿ ರಬ್ಬರಿನ ಮುಚ್ಚಳ ಉಂಟಾ ನೋಡಿ. ಐಪಿಎಕ್ಸ್4 ಅಂದರೆ ಎರಚುವ ನೀರಿಗೆ ಸಾಕು. ಐಪಿಎಕ್ಸ್7 ಅಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ತಡೆಯಬೇಕು. ಜುಲೈ ತಿಂಗಳಲ್ಲಿ ನಮ್ಮ ಸರ್ವಿಸ್ ರಸ್ತೆ ನೋಡಿದವರು ಎರಡನೆಯದನ್ನೇ ಕೊಳ್ಳುತ್ತಾರೆ. ಇನ್ನು ರಿಫ್ಲೆಕ್ಟರುಗಳಿಗೆ ನಮ್ಮ ಕೇಂದ್ರ ಸರಕಾರ ಗುಣಮಟ್ಟದ ಆದೇಶ ಹೊರಡಿಸಿದ್ದು 2020ರಲ್ಲಿ. ತಡವಾಯಿತು, ಆದರೂ ಬಂತಲ್ಲ.

ದೀಪಕ್ಕೆ ಕಾನೂನಾದರೂ ಇತ್ತು. ನೋವಿಗೆ ಅದೂ ಇರಲಿಲ್ಲ.

ಸ್ವಲ್ಪ ಲೆಕ್ಕ ಮಾಡೋಣ. 28 ಇಂಚಿನ ಚಕ್ರ, 22 ಇಂಚಿನ ಫ್ರೇಮು ಇರುವ ರೋಡ್‌ಸ್ಟರಿನ ಮೇಲಿನ ಬಾರು ನೆಲದಿಂದ ಸುಮಾರು 32, 33 ಇಂಚು ಎತ್ತರ. ಐದೂ ಕಾಲಡಿ, ಐದೂವರೆ ಅಡಿಯ ನಮ್ಮವರ ಕಾಲಿನ ಒಳ ಅಳತೆ 30 ಇಂಚಿನ ಆಸುಪಾಸು. ಅಂದರೆ ಎರಡೂ ಪಾದ ನೆಲಕ್ಕೂರಿ ಬಾರಿನ ಮೇಲೆ ನಿಲ್ಲಲಾಗದು. ಹೀಗಾಗಿ ಎಲ್ಲರೂ ಮಾಡಿದ್ದು ಒಂದೇ ಉಪಾಯ, ಸೀಟನ್ನು ಪೂರ್ತಿ ಕೆಳಗಿಳಿಸಿ ಬಿಗಿಯುವುದು. ಮಕ್ಕಳು ಬಾರಿನ ಕೆಳಗಿಂದ ಕಾಲು ತೂರಿಸಿ ಒಳಪೆಡಲ್ ಹೊಡೆದರು. ಸೈಕಲ್ ನಮ್ಮ ಮೈಗೆ ಹೊಂದಲಿಲ್ಲ, ನಮ್ಮ ಮೈಯೇ ಸೈಕಲ್ಲಿಗೆ ಹೊಂದಿಕೊಂಡಿತು. ಕರ್ನಾಟಕದಲ್ಲಿ 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಶುರುವಾದಾಗ ಎಷ್ಟೋ ಮನೆಗೆ ಮೊದಲ ಸೈಕಲ್ ಬಂತು, ಅದು ಸಣ್ಣ ವಿಷಯವಲ್ಲ. ಆದರೆ ಆ ವಯಸ್ಸಿನ ಮಕ್ಕಳ ಎತ್ತರದಲ್ಲಿ ಒಂದಡಿ ವ್ಯತ್ಯಾಸ ಇರುತ್ತದೆ, ಸೀಟಿನ ನಟ್ಟಿಗೆ ಸ್ಪ್ಯಾನರ್ ಹಿಡಿದು ಹೇಳಿಕೊಡುವವರು ಬೇಕು.

ನೋವಿನ ಬಗ್ಗೆ ವೈದ್ಯರು ಬರೆಯುತ್ತಿರುವುದು ಹೊಸತೇನಲ್ಲ. ಹ್ಯಾಂಡಲಿನ ಮೇಲೆ ಭಾರ ಬಿದ್ದು ಕಿರುಬೆರಳು ಜೋಮು ಹಿಡಿಯುವುದನ್ನು ಫ್ರಾನ್ಸಿನ ಡೆಸ್ಟೋ 1896ರಲ್ಲೇ ದಾಖಲಿಸಿದ್ದ. ಬ್ರೂಕ್ಸ್ ಎಂಬ ಇಂಗ್ಲಿಷ್ ಚರ್ಮದ ವ್ಯಾಪಾರಿ ತನ್ನ ಕುದುರೆ ಸತ್ತ ಮೇಲೆ ಸೈಕಲ್ ಎರವಲು ತಂದು, ಕೂತ ನೋವು ತಡೆಯಲಾರದೆ ಚರ್ಮದ ಸೀಟು ಮಾಡಿದ ಅನ್ನುವುದು ಆ ಕಂಪನಿಯೇ ಹೇಳಿಕೊಳ್ಳುವ ಕಥೆ. 1882ರಲ್ಲಿ ಪೇಟೆಂಟೂ ಆಯಿತು. ಸೀಟಿನ ಎತ್ತರಕ್ಕೆ ಲೆಕ್ಕ ಕೊಟ್ಟವರು ಹ್ಯಾಮ್ಲಿ ಮತ್ತು ಥಾಮಸ್, 1967ರಲ್ಲಿ. ಕೆಳಗಿರುವ ಪೆಡಲಿನಿಂದ ಸೀಟಿನ ಮೇಲ್ಭಾಗಕ್ಕೆ ಕಾಲಿನ ಒಳ ಅಳತೆಯ ಶೇಕಡಾ 109. ಕಾಲು 76 ಸೆಂಟಿಮೀಟರ್ ಇದ್ದರೆ ಸೀಟು ಸುಮಾರು 83. ಟೇಪು ಇಲ್ಲದಿದ್ದರೆ ಹಿಮ್ಮಡಿಯನ್ನು ಪೆಡಲಿನ ಮೇಲಿಟ್ಟು ಕೆಳಗೊತ್ತಿ, ಕಾಲು ನೆಟ್ಟಗಾದರೆ ಸರಿ. ಸೀಟು ತೀರಾ ಕೆಳಗಿದ್ದರೆ ಮಂಡಿಯ ಮುಂಭಾಗ ನೋಯುತ್ತದೆ, ತೀರಾ ಮೇಲಿದ್ದರೆ ಮಂಡಿಯ ಹಿಂಭಾಗ, ಜೊತೆಗೆ ಸೊಂಟ ಆಚೀಚೆ ಓಲಾಡುತ್ತದೆ. ಜೆಲ್ ಕವರ್ ತಂದು ಹಾಕುವವರು ಬಹಳ. ಮೆತ್ತಗಿದ್ದಷ್ಟೂ ಕೂರುವ ಮೂಳೆಗಳು ಒಳಗೆ ಹೂತು, ಭಾರ ಬೀಳಬಾರದ ನಡುವಿನ ಜಾಗಕ್ಕೆ ಬೀಳುತ್ತದೆ. ಹಣ ಕೊಟ್ಟು ನೋವು ತರುವ ಕೆಲಸ ಅದು.

ಹಾಗಾದರೆ ಸೀಟು ಏರಿಸಲು ಏನು ಅಡ್ಡಿ? ಪಕ್ಕದ ಮನೆಯ ಹಳೆ ಸೈಕಲ್ಲನ್ನು ಅಂಗಡಿಗೆ ಒಯ್ದಿದ್ದೆ. ರಿಪೇರಿಯ ಅಣ್ಣ ಎರಡು ಪೆಟ್ಟು ಕೊಟ್ಟು ನೋಡಿ ಅಂದರು, "ಇದು ಬರುದಿಲ್ಲ ಮಾರಾಯ್ರೆ, ಫ್ರೇಮಿಗೇ ಕಚ್ಚಿದೆ." ಡೈನಮೋದ ಸ್ಕ್ರೂವನ್ನು ತಿಂದ ಅದೇ ತುಕ್ಕು. ಕೊಂಡ ದಿನ ಕೆಳಗಿಳಿಸಿ ಬಿಗಿದ ಸೀಟು ನಾಲ್ಕು ಮಳೆಗಾಲ ಕಂಡರೆ ಕಬ್ಬಿಣದೊಳಗೆ ಕಬ್ಬಿಣ ಒಂದಾಗಿಬಿಡುತ್ತದೆ, ಆಮೇಲೆ ಆ ಎತ್ತರವೇ ಜೀವಾವಧಿ. ಎಷ್ಟು ಮಂದಿ ಅಜ್ಜಂದಿರ ಮಂಡಿನೋವು ಹೀಗೆ ಬಂದದ್ದೋ! ಈಗಿನ ಸೈಕಲ್ಲುಗಳಲ್ಲೂ ನಿಶ್ಚಿಂತೆಯಿಲ್ಲ. ಕಬ್ಬಿಣದ ಫ್ರೇಮಿನೊಳಗೆ ಅಲ್ಯುಮಿನಿಯಂ ಸೀಟ್‌ಪೋಸ್ಟ್ ಇದ್ದರೆ, ನಡುವೆ ಉಪ್ಪುನೀರು ಸೇರಿದರೆ, ಎರಡು ಬೇರೆ ಲೋಹಗಳ ಬ್ಯಾಟರಿಯೇ ತಯಾರು. ಅದು ಇನ್ನೂ ಗಟ್ಟಿ ಕಚ್ಚುತ್ತದೆ.

ನಾನು ಪತ್ತನಾಜೆಯ ಲೆಕ್ಕ ಇಟ್ಟುಕೊಂಡಿದ್ದೇನೆ. ಮೇ ಕೊನೆಯ ವಾರ ಮೇಳಗಳು ಗೆಜ್ಜೆ ಬಿಚ್ಚುವ ಹೊತ್ತಿಗೆ ಸೀಟ್‌ಪೋಸ್ಟ್ ಪೂರ್ತಿ ಹೊರಗೆ, ಹಳೆ ಬನಿಯನ್ನಿನಲ್ಲಿ ಒರೆಸಿ, ಒಳಗೆ ಹೊರಗೆ ಗ್ರೀಸು. ದೀಪದ ಕ್ಲಾಂಪಿನ ಸ್ಕ್ರೂಗಳಿಗೂ ಒಂದೊಂದು ತೊಟ್ಟು. ಹೊರತೆಗೆಯುವ ಮೊದಲು ಸೀಟು ಎಷ್ಟು ಎತ್ತರದಲ್ಲಿತ್ತು ಅನ್ನುವುದಕ್ಕೆ ಇನ್ಸುಲೇಶನ್ ಟೇಪಿನ ಒಂದು ಸುತ್ತು ಹಾಕಿಟ್ಟುಕೊಳ್ಳಿ, ಮತ್ತೆ ಅಳೆಯುವ ಕೆಲಸ ಉಳಿಯುತ್ತದೆ.