ಮದ್ದೂರಿನ ಉಲ್ಕಾಶಿಲೆಯಲ್ಲಿ ಸೂರ್ಯನಿಗಿಂತ ಹಳೆಯ ಧೂಳಿದೆಯೆ?

1865ರ ಸೆಪ್ಟೆಂಬರ್ 21ರಂದು ಮೈಸೂರು ಸೀಮೆಯಲ್ಲಿ ಬಿದ್ದ ಉಲ್ಕಾಶಿಲೆಯೊಂದು ಜಾಗತಿಕ ಪಟ್ಟಿಗಳಲ್ಲಿ 'ಮುಡ್ಡೂರ್' ಎಂದು ದಾಖಲಾಗಿದೆ. ಅಲ್ಲಿ ಕೊಟ್ಟಿರುವ ಅಕ್ಷಾಂಶ ರೇಖಾಂಶಗಳು ಮದ್ದೂರಿನ ಆಸುಪಾಸಿಗೇ ಬರುವುದರಿಂದ ಅದು ಮದ್ದೂರೇ ಎಂದು ಹಿಡಿದಿದ್ದೇನೆ. ಈಗಿನ ಮಂಡ್ಯ ಜಿಲ್ಲೆಯ ಪಾಲಿಗೆ ಬಂದ ಆಕಾಶದ ಕಲ್ಲು ಇದು.

ಉಲ್ಕಾಶಿಲೆಗಳಲ್ಲಿ ಸತ್ತ ನಕ್ಷತ್ರಗಳ ಧೂಳು ಉಳಿದಿದೆ ಎಂಬುದರಲ್ಲಿ ಈಗ ಯಾರಿಗೂ ತಕರಾರಿಲ್ಲ. 1987ರಲ್ಲಿ ಅಂಥ ಸೂಕ್ಷ್ಮ ವಜ್ರಗಳೂ ಸಿಲಿಕಾನ್ ಕಾರ್ಬೈಡ್ ಕಣಗಳೂ ಬೇರ್ಪಟ್ಟವು. 2020ರಲ್ಲಿ ಫಿಲಿಪ್ ಹೆಕ್ ಮತ್ತು ಸಂಗಡಿಗರು, 1969ರಲ್ಲಿ ಆಸ್ಟ್ರೇಲಿಯದಲ್ಲಿ ಬಿದ್ದ ಮರ್ಚಿಸನ್ ಉಲ್ಕೆಯ 40 ಕಣಗಳನ್ನು ಅಳೆದು, ಅವುಗಳಲ್ಲಿ ಅತಿ ಹಳೆಯದು ಸೂರ್ಯನಿಗಿಂತ ಸುಮಾರು 300 ಕೋಟಿ ವರ್ಷ ಹಿರಿಯದೆಂದು ತೋರಿಸಿದರು.

ಇದರಿಂದ ಎಲ್ಲ ಉಲ್ಕೆಯಲ್ಲೂ ಇಂಥ ಧೂಳಿದೆ ಎಂಬ ಮಾತು ಹಬ್ಬಿದೆ. ಮದ್ದೂರಿನ ಕಲ್ಲಿಗೆ ಅದು ಒಪ್ಪುವುದಿಲ್ಲ ಎಂಬುದು ನನ್ನ ವಾದ. ಈ ಕಲ್ಲು 'ಸಾಮಾನ್ಯ ಕಾಂಡ್ರೈಟ್' ಎಂಬ ಶಿಲಾ ಉಲ್ಕೆಗಳ ಗುಂಪಿನ ಎಲ್5 ವರ್ಗದ್ದು. ಐದನೆಯ ದರ್ಜೆ ಎಂದರೆ ತಾಯಿ ಕ್ಷುದ್ರಗ್ರಹದ ಒಡಲಲ್ಲಿ ಸುಮಾರು 700 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಶಾಖದಲ್ಲಿ ದೀರ್ಘಕಾಲ ಬೆಂದದ್ದು.

ಇಲ್ಲಿ ಗಟ್ಟಿ ಆಕ್ಷೇಪವೊಂದಿದೆ: ಪ್ರಯೋಗಾಲಯದಲ್ಲಿ ಕಲ್ಲನ್ನೆಲ್ಲ ಕರಗಿಸುವ ಆಮ್ಲಕ್ಕೂ ಜಗ್ಗದ ಸಿಲಿಕಾನ್ ಕಾರ್ಬೈಡ್ 700 ಡಿಗ್ರಿಗೆ ಮಣಿದೀತೆ? ಕರಗುವುದೊಂದನ್ನೇ ನಾಶವೆಂದು ಎಣಿಸಿದರೆ ಆಕ್ಷೇಪ ನಿಲ್ಲುತ್ತದೆ. ಆದರೆ ಆಮ್ಲದ ಕೆಲಸ ಕೆಲವು ದಿನಗಳದ್ದು. ಕ್ಷುದ್ರಗ್ರಹದೊಳಗಿನ ಬೇಗೆ ಲಕ್ಷಾಂತರ ವರ್ಷಗಳದ್ದು. ಸುತ್ತಲ ಖನಿಜಗಳ ಆಮ್ಲಜನಕದೊಡನೆ ಕಣ ನಿಧಾನವಾಗಿ ವರ್ತಿಸಿ ತನ್ನತನ ಕಳೆದುಕೊಳ್ಳುತ್ತದೆ. ಆಲೆಮನೆಯ ಕೊಪ್ಪರಿಗೆಗೆ ಬಿದ್ದ ಕಲ್ಲುಸಕ್ಕರೆಯ ಸಿಹಿ ಉಳಿದೀತು, ಹರಳು ಉಳಿಯದು. ಹಾಗೆಯೇ ಪರಮಾಣುಗಳು ಕಲ್ಲಿನಲ್ಲೇ ಇವೆ. ಆದರೆ ಯಾವ ನಕ್ಷತ್ರದವೆಂದು ಹೇಳುವ ಸಮಸ್ಥಾನಿಗಳ ಗುರುತು ಬೆರೆತುಹೋಗಿದೆ.

ಮೊದಲಿಗೇ ಆ ಧೂಳು ಇರಲಿಲ್ಲವೆನ್ನಲು ಆಧಾರ ಸಾಲದು. 1995ರಲ್ಲಿ ಗ್ಯಾರಿ ಹಸ್ ಮತ್ತು ರಾಯ್ ಲೂಯಿಸ್ ಹಲವು ವರ್ಗಗಳ ಕಲ್ಲುಗಳನ್ನು ಹೋಲಿಸಿ, ಬೆಂದ ದರ್ಜೆ ಏರಿದಂತೆ ಕಣಗಳ ಪ್ರಮಾಣ ಕುಗ್ಗುವುದನ್ನು ತೋರಿಸಿದರು. 1940ರಲ್ಲಿ ಮಧ್ಯಪ್ರದೇಶದಲ್ಲಿ ಬಿದ್ದ ಸೆಮರ್ಕೋನಾ ಕೂಡ ಸಾಮಾನ್ಯ ಕಾಂಡ್ರೈಟೇ. ಬೇಯದ ದರ್ಜೆಯದಾದ್ದರಿಂದ ಅದರಲ್ಲಿ ಕಣಗಳು ಸಿಕ್ಕಿವೆ.

ಇಷ್ಟಾದರೂ ನನ್ನದು ವರ್ಗವನ್ನು ಆಧರಿಸಿದ ಊಹೆ, ಅಳತೆಯಲ್ಲ. ಡಿಕ್ಕಿಗಳಲ್ಲಿ ಪುಡಿಯಾಗಿ ಮತ್ತೆ ಒತ್ತಿಕೊಂಡ ಉಲ್ಕೆಗಳಲ್ಲಿ ಬೇಯದ ಚೂರು ಸೇರಿರುವುದುಂಟು. ಮದ್ದೂರಿನ ಕಲ್ಲಿನಲ್ಲಿ ಅಂಥ ಚೂರು ಇದ್ದರೆ ನನ್ನ ತೀರ್ಮಾನ ಅಷ್ಟರಮಟ್ಟಿಗೆ ಬಿದ್ದುಹೋಗುತ್ತದೆ. ಅದನ್ನು ನಿರ್ಧರಿಸಲು ಕಲ್ಲಿನ ಒಂದು ತೆಳುಸೀಳನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಬೇಕು.