ಜಾಲಪುಟಕ್ಕೆ ಬಂದ ಗಣಿತ

ಜಿನೀವಾ ಬಳಿಯ ಸರ್ನ್ ಎಂಬ ಭೌತವಿಜ್ಞಾನ ಸಂಸ್ಥೆಯಲ್ಲೇ ಹುಟ್ಟಿದ ವಿಶ್ವವ್ಯಾಪಿ ಜಾಲಕ್ಕೆ ಮೊದಮೊದಲು ಒಂದು ಭಿನ್ನರಾಶಿಯನ್ನು ನೆಟ್ಟಗೆ ತೋರಿಸುವ ಶಕ್ತಿಯೂ ಇರಲಿಲ್ಲವೆಂಬುದು ಅಚ್ಚರಿಯ ಸಂಗತಿ. ಡೊನಾಲ್ಡ್ ಕ್ನೂತ್ 1978ರಲ್ಲಿ ಮುದ್ರಣಕ್ಕಾಗಿ ರೂಪಿಸಿದ ಟೆಕ್ ಎಂಬ ಅಕ್ಷರಜೋಡಣೆಯ ತಂತ್ರಾಂಶದಿಂದ ಸೂತ್ರಗಳನ್ನು ಚಿತ್ರಗಳಾಗಿ ಮಾರ್ಪಡಿಸಿ ಪುಟಕ್ಕೆ ಸೇರಿಸುವುದೇ 1990ರ ದಶಕದ ರೂಢಿಯಾಗಿತ್ತು. ಆದರೆ ಅಂಥ ಚಿತ್ರದಲ್ಲಿನ ವರ್ಗಮೂಲ ಪಕ್ಕದ ಸಾಲಿಗಿಂತ ಮೇಲಕ್ಕೋ ಕೆಳಕ್ಕೋ ಸರಿಯುತ್ತಿತ್ತು, ಹಿಗ್ಗಿಸಿದರೆ ಅದರ ಅಂಚು ಒರಟಾಗುತ್ತಿತ್ತು, ಮತ್ತು, ಎಲ್ಲಕ್ಕಿಂತ ನೋವಿನ ಸಂಗತಿಯೆಂದರೆ, ಪರದೆಯ ಬರಹವನ್ನು ಓದಿ ಹೇಳುವ ತಂತ್ರಾಂಶವನ್ನು ನೆಚ್ಚಿದ ದೃಷ್ಟಿಹೀನ ವಿದ್ಯಾರ್ಥಿಗೆ ಅದು ಬಹುಮಟ್ಟಿಗೆ ನಿಲುಕುತ್ತಲೇ ಇರಲಿಲ್ಲ. ಸೂತ್ರದಲ್ಲಿ ಅಂಶ ಯಾವುದು, ಛೇದ ಯಾವುದು, ಘಾತ ಯಾವುದು ಎಂಬ ರಚನೆಯನ್ನೇ ಗುರುತುಗಳಿಂದ ಬರೆದಿಡುವ ಮ್ಯಾಥ್‌ಎಂಎಲ್ ಭಾಷೆಗೆ 1998ರಲ್ಲಿ ಮಾನ್ಯತೆ ದೊರೆತರೂ ಬ್ರೌಸರುಗಳು ಅದನ್ನು ಅರೆಮನಸ್ಸಿನಿಂದಲೇ ಬರಮಾಡಿಕೊಂಡವು. ಈ ಕೊರತೆಯನ್ನು 2010ರ ಸುಮಾರಿಗೆ ಮ್ಯಾಥ್‌ಜಾಕ್ಸ್ ಎಂಬ, ಸೂತ್ರಗಳನ್ನು ಬ್ರೌಸರಿನಲ್ಲೇ ಮೂಡಿಸುವ ತಂತ್ರಾಂಶ ತುಂಬತೊಡಗಿತು. 2013ರಲ್ಲಿ ಮ್ಯಾಥ್‌ಎಂಎಲ್ ಭಾಷೆಯ ಬೆಂಬಲವನ್ನು ಕೈಬಿಟ್ಟಿದ್ದ ಕ್ರೋಮ್ ಬ್ರೌಸರ್ 2023ರಲ್ಲಿ ಅದನ್ನು ಮರಳಿ ಒದಗಿಸಿತು.